ಬಿಟ್ಟುಬಂದ ಮನೆಯ ಬಾಕಿ: ಕಲೆಕ್ಷನ್ ಏಜೆನ್ಸಿಯ ಕೈಸೇರದಂತೆ ತೀರಿಸಿದ ಬಗೆ

ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ 2022ರಿಂದ ಬಾಡಿಗೆಗಿದ್ದ ಅಪಾರ್ಟ್‌ಮೆಂಟನ್ನು ಲೀಸ್ (ಬಾಡಿಗೆ ಕರಾರು) ಮುಗಿಯುವ ಮೊದಲೇ ಬಿಟ್ಟು ಬಂದದ್ದರಿಂದ ನನ್ನ ಹೆಸರಿಗೆ ಬಿದ್ದಿದ್ದ ಬಾಕಿಯ ಕೊನೆಯ ಕಂತನ್ನು ಇತ್ತೀಚೆಗೆ ಕಟ್ಟಿ ಮುಗಿಸಿದೆ. ಮಾಲೀಕರ ಪರವಾಗಿ ಕಟ್ಟಡ ನೋಡಿಕೊಳ್ಳುವ ಸಂಸ್ಥೆ ಮೊದಲು ಕೇಳಿದ್ದು 11,386 ಡಾಲರ್. ಕೊನೆಗೆ ನಾನು ಕೊಟ್ಟಿದ್ದು 2,431 ಡಾಲರ್ 23 ಸೆಂಟ್. ಈ ಎರಡು ಮೊತ್ತಗಳ ನಡುವಿನ ಅಂತರ ಯಾರ ದಯೆಯಿಂದಲೂ ಬಂದದ್ದಲ್ಲ. ನಿಜವಾಗಿ ಕೊಡಬೇಕಾದದ್ದು ಎಷ್ಟು, ಅವರು ಕೇಳುತ್ತಿರುವುದು ಎಷ್ಟು ಎಂಬುದನ್ನು ಸಾಲುಸಾಲಾಗಿ ಬೇರ್ಪಡಿಸಿ, ಬಾಕಿ ಇನ್ನೂ ಮಾಲೀಕರ ಕೈಯಲ್ಲೇ ಇರುವಾಗ ಮಾತುಕತೆ ಮುಗಿಸಿದ್ದರಿಂದ ಬಂದದ್ದು. ಇದೇ ಗೊಂದಲದಲ್ಲಿರುವವರಿಗೆ ನೆರವಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

2025ರ ಏಪ್ರಿಲ್‌ನಲ್ಲಿ ನನ್ನ ಕೆಲಸ ಹೋಯಿತು. ಅಮೆರಿಕದ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರಿಗೆ ಕೆಲಸ ಹೋದ ಮೇಲೆ ಬೇರೆ ಕೆಲಸ ಹುಡುಕಿಕೊಳ್ಳಲು ಸಿಗುವ ಗರಿಷ್ಠ 60 ದಿನಗಳ ಅವಧಿ ಎಷ್ಟು ಬೇಗ ಕರಗುತ್ತದೆ ಎಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು. ಆ ಗಡುವಿನೊಳಗೆ ಟೆಕ್ಸಾಸ್‌ನಲ್ಲಿ ಕೆಲಸ ಸಿಕ್ಕಿತು, ಆದರೆ ಸನಿವೇಲ್ ಮನೆಯ ಲೀಸ್ ಅಕ್ಟೋಬರ್ 31ರವರೆಗೆ ಇತ್ತು. ಬಾಡಿಗೆ ತಿಂಗಳಿಗೆ 2,900 ಡಾಲರ್, ಡಿಪಾಸಿಟ್ ಕೂಡ ಅಷ್ಟೇ. ಬೇರೆ ದಾರಿಯಿಲ್ಲದೆ, ಜೂನ್ 30ಕ್ಕೆ ಮನೆ ಬಿಡುತ್ತೇನೆಂದು ಮೇ ಕೊನೆಯಲ್ಲೇ ಬರವಣಿಗೆಯಲ್ಲಿ ತಿಳಿಸಿದೆ. ಹೊಸ ವಿಳಾಸವನ್ನು ಇಮೇಲ್‌ನಲ್ಲಿ ಕಳಿಸಿದೆ. ಮನೆ ಬಿಡುವ ಮುಂಚಿನ ಎರಡು ವಾರಗಳಲ್ಲಿ ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ಕ್ಯಾಲಿಫೋರ್ನಿಯಾದ ಬಾಡಿಗೆದಾರರಿಗೆ ಇದೆ. ಅದನ್ನೂ ಕೇಳಿ ಪಡೆದೆ. ತಪಾಸಣೆಗೆ ಬಂದವರು ಮಲಗುವ ಕೋಣೆಯ ಕಿಟಕಿಯ ಬಳಿ ಕಾರ್ಪೆಟ್ ಮೇಲಿದ್ದ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತನ್ನು ಬಗ್ಗಿ ನೋಡಿ, ಬೆರಳಿನಿಂದ ಒಮ್ಮೆ ಕೆರೆದು, ಹಾಳೆಯಲ್ಲಿ ಬರೆದುಕೊಂಡರು. ತ್ರಿಕೋನಾಕಾರದ, ಅಂಚು ಗಟ್ಟಿಯಾಗಿ ಕರಗಿ ಹೊಳೆಯುತ್ತಿದ್ದ ಗುರುತು ಅದು. ದಿನಬಳಕೆಯಿಂದಾದ ಸವಕಳಿ ಎಂದು ವಾದಿಸುವಂತಿರಲಿಲ್ಲ. ಉಳಿದಂತೆ ಗೋಡೆ, ಅಡುಗೆಮನೆ, ಸ್ನಾನದ ಮನೆಗಳ ಬಗ್ಗೆ ಅವರು ಏನನ್ನೂ ಬರೆಯಲಿಲ್ಲ. ಆ ಹಾಳೆಯ ಚಿತ್ರವನ್ನೂ, ಎಲ್ಲ ಕೋಣೆಗಳ ವಿಡಿಯೊವನ್ನೂ ಫೋನಿನಲ್ಲಿ ತೆಗೆದುಕೊಂಡು ಬೀಗದ ಕೈ ಒಪ್ಪಿಸಿದೆ.

ಜುಲೈ ಪೂರ್ತಿ ಯಾವ ಸುದ್ದಿಯೂ ಇರಲಿಲ್ಲ. ಮನೆ ಖಾಲಿಯಾದ 21 ದಿನಗಳೊಳಗೆ ಡಿಪಾಸಿಟ್ ಹಿಂದಿರುಗಿಸಬೇಕು, ಇಲ್ಲವೇ ಯಾವುದಕ್ಕೆ ಎಷ್ಟು ಕಡಿತ ಮಾಡಲಾಗಿದೆ ಎಂಬ ವಿವರವಾದ ಪಟ್ಟಿ ಕಳಿಸಬೇಕು ಎಂಬುದು ಕ್ಯಾಲಿಫೋರ್ನಿಯಾ ಸಿವಿಲ್ ಸಂಹಿತೆಯ 1950.5ನೇ ಕಲಮಿನ ನಿಯಮ. ದುರಸ್ತಿ ಮತ್ತು ಸ್ವಚ್ಛತೆಯ ಕಡಿತ 125 ಡಾಲರ್ ದಾಟಿದರೆ ರಸೀದಿಗಳ ಪ್ರತಿಗಳನ್ನೂ ಲಗತ್ತಿಸಬೇಕು. ಆಗಸ್ಟ್ ಮೊದಲ ವಾರದಲ್ಲಿ ಅಂಚೆ ಇಲಾಖೆಯ ಹಳದಿ ಚೀಟಿ ಅಂಟಿಸಿದ್ದ ಲಕೋಟೆಯೊಂದು ಬಂತು. ಜುಲೈ 18ರ ದಿನಾಂಕವಿದ್ದ ಆ ಸ್ಟೇಟ್‌ಮೆಂಟನ್ನು ನಾನು ಬರೆದು ಕೊಟ್ಟಿದ್ದ ಹೊಸ ವಿಳಾಸಕ್ಕಲ್ಲ, ನಾನು ಖಾಲಿ ಮಾಡಿದ ಮನೆಯ ವಿಳಾಸಕ್ಕೇ ಕಳಿಸಲಾಗಿತ್ತು. ಅಂಚೆ ಇಲಾಖೆಯಲ್ಲಿ ವಿಳಾಸ ಬದಲಾವಣೆ ನೋಂದಾಯಿಸಿದ್ದರಿಂದ ಅದು ಸುತ್ತಿ ಬಳಸಿ ನನ್ನನ್ನು ತಲುಪಿತು. ಮನೆ ಬಿಡುವವರು ಮಾಲೀಕರಿಗೆ ವಿಳಾಸ ಕೊಟ್ಟೆವೆಂದು ಸುಮ್ಮನಿರದೆ ಅಂಚೆ ಇಲಾಖೆಗೂ ತಿಳಿಸಬೇಕು. ಬಾಕಿಯ ಪತ್ರವೇ ಕೈಸೇರದೆ, ನೇರವಾಗಿ ಕಲೆಕ್ಷನ್ ಏಜೆನ್ಸಿಯ (ಬೇರೆಯವರ ಪರವಾಗಿ ಬಾಕಿ ವಸೂಲಿ ಮಾಡುವ ಸಂಸ್ಥೆಯ) ಕರೆಯಿಂದ ವಿಷಯ ತಿಳಿದವರನ್ನು ನಾನು ಬಲ್ಲೆ.

ಲಕೋಟೆ ಒಡೆದು ಮೊತ್ತ ನೋಡಿದಾಗ ಎದೆ ಧಸಕ್ಕೆಂದಿತು. ಜುಲೈನಿಂದ ಅಕ್ಟೋಬರ್‌ವರೆಗಿನ ನಾಲ್ಕು ತಿಂಗಳ ಬಾಡಿಗೆ 11,600, ಮಲಗುವ ಕೋಣೆಯ ಕಾರ್ಪೆಟ್ ಬದಲಾವಣೆ 1,840, ಗೋಡೆಗೆ ಬಣ್ಣ 420, ಸ್ವಚ್ಛತೆ 280, ನೀರು ಮತ್ತು ಕಸದ ಕೊನೆಯ ಬಿಲ್ಲು 146. ಎಲ್ಲ ಸೇರಿ 14,286, ಅದರಲ್ಲಿ ಡಿಪಾಸಿಟ್ 2,900 ಕಳೆದು 11,386 ಡಾಲರ್. ಹೊಸ ಕೆಲಸದ ಮೊದಲ ಸಂಬಳವಷ್ಟೇ ಬಂದಿತ್ತು, ಮನೆ ಸಾಗಿಸಿದ ಖರ್ಚು ಕ್ರೆಡಿಟ್ ಕಾರ್ಡಿನ ಮೇಲೆ ಕುಳಿತಿತ್ತು. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಬಾಡಿಗೆ ಪೋರ್ಟಲ್‌ಗೆ ಹೋದರೆ ನನ್ನ ಖಾತೆ ಮುಚ್ಚಿತ್ತು. ಕಟ್ಟಡದಲ್ಲೇ ಇರುವ ಲೀಸಿಂಗ್ ಕಚೇರಿಗೆ ಕರೆ ಮಾಡಿದರೆ, ಬಿಟ್ಟುಹೋದವರ ಖಾತೆಗಳನ್ನು ಸಂಸ್ಥೆಯ ಕೇಂದ್ರ ಕಚೇರಿ ನೋಡುತ್ತದೆ ಎಂದರು. ಕೇಂದ್ರ ಕಚೇರಿಯವರು ಲೀಸಿಂಗ್ ಕಚೇರಿಯನ್ನೇ ಕೇಳಿ ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತಹ ಈ ಮಾತುಗಳ ನಡುವೆ ದಿನಗಳು ಉರುಳಿದವು. ಆಗಸ್ಟ್ ಕೊನೆಯಲ್ಲಿ ಎರಡನೆಯ ಪತ್ರ ಬಂತು. 10 ದಿನಗಳೊಳಗೆ ಪೂರ್ತಿ ಪಾವತಿಸದಿದ್ದರೆ ಖಾತೆಯನ್ನು ಕಲೆಕ್ಷನ್ ಏಜೆನ್ಸಿಗೆ ವಹಿಸಲಾಗುವುದು ಎಂದು ಅದರಲ್ಲಿತ್ತು.

ಈ ಬೆದರಿಕೆಯ ತೂಕ ಎಷ್ಟೆಂದು ತಿಳಿಯದವರಿಗಾಗಿ ಇಲ್ಲೊಂದು ಮಾತು. ಬಾಕಿ ಏಜೆನ್ಸಿಗೆ ಹೋಗಿ, ಅಲ್ಲಿಂದ ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ, ಜನರ ಸಾಲ-ಪಾವತಿಗಳ ವರದಿ ಇಡುವ ಮೂರು ಕ್ರೆಡಿಟ್ ಬ್ಯೂರೊಗಳಿಗೆ ವರದಿಯಾದರೆ, ಮೂಲ ಬಾಕಿ ತಪ್ಪಿದ ಕಾಲದಿಂದ ಲೆಕ್ಕ ಹಾಕಿ ಸುಮಾರು 7 ವರ್ಷ ಅದು ವರದಿಯಲ್ಲಿ ಉಳಿಯಬಹುದು. ಆಮೇಲೆ ಹಣ ಕಟ್ಟಿದರೂ ನಮೂದು ತಾನಾಗಿ ಅಳಿಸಿಹೋಗುವುದಿಲ್ಲ. ಆ ವರದಿ ನೋಡಿ ಸಾಲಗಾರರಿಗೆ ಅಂಕ ಕೊಡುವ ಫೈಕೊ 9ರಂತಹ ಹೊಸ ಅಂಕಪದ್ಧತಿಗಳು ತೀರಿಸಿದ ಕಲೆಕ್ಷನ್ ಖಾತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ನಿಜ, ಆದರೆ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಫೈಕೊ 8 ತೆಗೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಮುಂದೆ ಬಾಡಿಗೆಗೆ ಮನೆ ಕೇಳಿದಾಗಲೆಲ್ಲ ಹಳೆಯ ಮಾಲೀಕರಿಗೆ ಬಾಕಿ ಉಳಿಸಿಕೊಂಡವರೆಂಬ ನಮೂದು ಮೊದಲು ಕಣ್ಣಿಗೆ ಬೀಳುತ್ತದೆ. ರಾಜ್ಯವನ್ನೇ ಬಿಟ್ಟು ಬಂದ ಮೇಲೆ ಅವರೇನು ಮಾಡಿಯಾರು, ಸುಮ್ಮನಿದ್ದುಬಿಡು ಎಂದು ಗೆಳೆಯರೊಬ್ಬರು ಹೇಳಿದರು. ಕ್ರೆಡಿಟ್ ವರದಿಗೆ ರಾಜ್ಯದ ಗಡಿಗಳಿಲ್ಲ. ಅವರ ಸಲಹೆಯನ್ನು ನಾನು ಕೇಳಲಿಲ್ಲ.

ಪತ್ರ ಬಂದ ಸಂಜೆಯೇ ಹಣ ಹೊಂದಿಸುವ ಯೋಚನೆಯನ್ನು ಬದಿಗಿಟ್ಟು, ಪಟ್ಟಿಯ ಪ್ರತಿ ಸಾಲಿಗೂ ಒಂದೊಂದು ಹಾಳೆ ತೆಗೆದುಕೊಂಡು ಕುಳಿತೆ. ದೊಡ್ಡ ಸಾಲು ಬಾಡಿಗೆಯದು. ಲೀಸ್ ಮುರಿದವರು ಉಳಿದ ಅವಧಿಯ ಬಾಡಿಗೆ ಪೂರ್ತಿ ಕೊಡಲೇಬೇಕೆಂದು ಬಹಳ ಜನ ನಂಬಿದ್ದಾರೆ, ನಾನೂ ಲೀಸಿನ ಆ ಪುಟವನ್ನು ಓದಿದಾಗ ಹಾಗೆಯೇ ಕಂಡಿತ್ತು. ಆದರೆ ಕ್ಯಾಲಿಫೋರ್ನಿಯಾದ ಸಿವಿಲ್ ಸಂಹಿತೆಯ 1951.2ನೇ ಕಲಮಿನ ಪ್ರಕಾರ, ಮಾಲೀಕರು ಸಮಂಜಸ ಪ್ರಯತ್ನದಿಂದ ತಪ್ಪಿಸಬಹುದಾಗಿದ್ದ ನಷ್ಟವನ್ನು ಬಿಟ್ಟುಹೋದ ಬಾಡಿಗೆದಾರನ ಮೇಲೆ ಹೇರುವಂತಿಲ್ಲ. ಅಂದರೆ ಮನೆಯನ್ನು ಮತ್ತೆ ಬಾಡಿಗೆಗೆ ಕೊಡಲು ಅವರು ಪ್ರಯತ್ನಿಸಬೇಕು, ಹೊಸಬರು ಬಂದ ದಿನದಿಂದ ಅದೇ ಮನೆಗೆ ಎರಡು ಬಾಡಿಗೆ ವಸೂಲಿ ಮಾಡಬಾರದು. ನಷ್ಟವನ್ನು ತಪ್ಪಿಸಬಹುದಿತ್ತೆಂದು ತೋರಿಸುವ ಹೊಣೆ ಮಾತ್ರ ಬಾಡಿಗೆದಾರನದು. ಹಾಗಾಗಿ ಜುಲೈನಿಂದಲೇ ಆ ಮನೆಯ ಜಾಹೀರಾತಿನ ಚಿತ್ರಗಳನ್ನು ದಿನಾಂಕ ಕಾಣುವಂತೆ ಉಳಿಸಿಕೊಂಡಿದ್ದೆ. ಆಗಸ್ಟ್‌ನ ನಡುವೆ ಜಾಹೀರಾತು ಮಾಯವಾಯಿತು. ಅದೇ ಸಂಕೀರ್ಣದಲ್ಲಿರುವ ಪರಿಚಿತರೊಬ್ಬರು, ನನ್ನ ಹಳೆಯ ಬಾಲ್ಕನಿಯಲ್ಲಿ ಯಾರದೋ ಮಗುವಿನ ಮೂರು ಗಾಲಿಯ ಸೈಕಲ್ಲು ನಿಂತಿದೆ ಎಂದು ತಿಳಿಸಿದರು. ಇಷ್ಟು ಸಾಕಾಗಿತ್ತು.

ಕಾರ್ಪೆಟ್ ವಿಷಯದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವೇ ಹೊರತಂದಿರುವ ಬಾಡಿಗೆದಾರರ ಕೈಪಿಡಿಯಲ್ಲಿನ ಒಂದು ಉದಾಹರಣೆ ನನಗೆ ತುಂಬಾ ನೆರವಾಯಿತು. ಹತ್ತು ವರ್ಷ ಬಾಳಬಹುದಾದ, ಎಂಟು ವರ್ಷ ಹಳೆಯದಾದ ಕಾರ್ಪೆಟನ್ನು ಬಾಡಿಗೆದಾರ ಹಾಳು ಮಾಡಿದರೆ, ಹೊಸದಕ್ಕೆ 1,000 ಡಾಲರ್ ಆಗುವುದಾದರೂ ಉಳಿದ ಎರಡು ವರ್ಷಗಳ ಪಾಲಾದ 200 ಡಾಲರನ್ನಷ್ಟೇ ಕೇಳಬಹುದು ಎಂಬುದು ಅದರ ತಿರುಳು. ನನ್ನ ಕೋಣೆಯ ಕಾರ್ಪೆಟ್ ಯಾವಾಗ ಹಾಕಿಸಿದ್ದು ಎಂದು ಬರವಣಿಗೆಯಲ್ಲಿ ಕೇಳಿದೆ. ಬಣ್ಣದ ಖರ್ಚನ್ನು ಸಂಪೂರ್ಣವಾಗಿ ನಿರಾಕರಿಸಿದೆ; ಮೂರು ವರ್ಷಗಳಲ್ಲಿ ಗೋಡೆ ಮಾಸುವುದು ಸಾಮಾನ್ಯ ಸವಕಳಿ, ಅದರ ಹೊಣೆ ಬಾಡಿಗೆದಾರನದಲ್ಲ, ತಪಾಸಣೆಯ ಹಾಳೆಯಲ್ಲೂ ಗೋಡೆಯ ಪ್ರಸ್ತಾಪವಿರಲಿಲ್ಲ. ಸ್ವಚ್ಛತೆಗೆ 280 ಎಂದು ಪಟ್ಟಿಯಲ್ಲಿದ್ದರೂ ಅವರೇ ಲಗತ್ತಿಸಿದ್ದ ಬಿಲ್ಲಿನಲ್ಲಿ 180 ಎಂದಿತ್ತು. ಲಗತ್ತುಗಳನ್ನು ಯಾರೂ ತೆರೆದು ನೋಡುವುದಿಲ್ಲ ಎಂಬ ಧೈರ್ಯವೋ, ಬೆರಳಚ್ಚಿನ ಪ್ರಮಾದವೋ ನನಗೆ ತಿಳಿಯದು. ನೀರು ಮತ್ತು ಕಸದ ಬಿಲ್ಲು ಸರಿಯಾಗಿತ್ತು, ಒಪ್ಪಿಕೊಂಡೆ.

ಇಷ್ಟನ್ನೂ ಎರಡು ಪುಟಗಳ ಪತ್ರವಾಗಿ ಬರೆದು ಸರ್ಟಿಫೈಡ್ ಮೇಲ್‌ನಲ್ಲಿ (ಕಳಿಸಿದ್ದಕ್ಕೆ ದಾಖಲೆ ಸಿಗುವ ಅಂಚೆ), ಸ್ವೀಕೃತಿಯ ಹಸಿರು ಕಾರ್ಡಿನೊಂದಿಗೆ ಕಳಿಸಿದೆ; ಖರ್ಚು ಹತ್ತು ಡಾಲರಿನ ಆಸುಪಾಸು. ಇಮೇಲ್‌ನಲ್ಲೂ ಪ್ರತಿ ಕಳಿಸಿದೆ. ಪತ್ರದ ಧಾಟಿಯ ಬಗ್ಗೆ ಒಂದು ಸೂಚನೆ: ಬಾಕಿ ಇಲ್ಲವೇ ಇಲ್ಲ ಎಂದು ನಾನು ಎಲ್ಲೂ ಬರೆಯಲಿಲ್ಲ. ಯಾವುದನ್ನು ಒಪ್ಪುತ್ತೇನೆ, ಯಾವುದನ್ನು ಪ್ರಶ್ನಿಸುತ್ತೇನೆ, ಯಾವುದಕ್ಕೆ ದಾಖಲೆ ಕೇಳುತ್ತೇನೆ ಎಂದು ಬೇರೆಬೇರೆಯಾಗಿ ಬರೆದು, ಲೆಕ್ಕ ಸರಿಹೊಂದಿದ ಕೂಡಲೇ ಕಂತುಗಳಲ್ಲಿ ತೀರಿಸಲು ಸಿದ್ಧನಿದ್ದೇನೆ, ಅಲ್ಲಿಯವರೆಗೆ ಖಾತೆಯನ್ನು ಹೊರಗಿನವರಿಗೆ ವಹಿಸಬಾರದು ಎಂದು ಕೋರಿದೆ. ಕೊಡುವ ಮನಸ್ಸಿರುವವನ ಪತ್ರಕ್ಕೆ ಉತ್ತರ ಬರುತ್ತದೆ, ಬರೀ ಕಾನೂನು ಉಲ್ಲೇಖಿಸಿ ಗದರುವವನ ಪತ್ರ ವಕೀಲರ ಕಡತಕ್ಕೆ ಹೋಗುತ್ತದೆ ಎಂಬುದು ನನ್ನ ಅನಿಸಿಕೆ.

ಸಣ್ಣ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋಗುವ ಯೋಚನೆಯೂ ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ ವ್ಯಕ್ತಿಯೊಬ್ಬ ಅಲ್ಲಿ 12,500 ಡಾಲರ್‌ವರೆಗೆ ದಾವೆ ಹೂಡಬಹುದು, ವಕೀಲರನ್ನು ಕರೆತರುವಂತಿಲ್ಲ, ಡಿಪಾಸಿಟನ್ನು ದುರುದ್ದೇಶದಿಂದ ಹಿಡಿದಿಟ್ಟುಕೊಂಡರೆಂದು ಸಾಬೀತಾದರೆ ಡಿಪಾಸಿಟಿನ ಎರಡು ಪಟ್ಟಿನವರೆಗೆ ಹೆಚ್ಚುವರಿ ಪರಿಹಾರ ಸಿಗಬಹುದು. ಆದರೆ ನನ್ನ ಪ್ರಕರಣದಲ್ಲಿ ಡಿಪಾಸಿಟಿಗಿಂತ ಹೆಚ್ಚಿನ ಬಾಕಿ ನನ್ನ ಮೇಲೆಯೇ ಇತ್ತು. ರಾಜಿಯೇ ಅಗ್ಗವೆಂದು ತೀರ್ಮಾನಿಸಿದೆ.

ಉತ್ತರಕ್ಕಾಗಿ ಕಾದ ದಿನಗಳು ಈ ಇಡೀ ಪ್ರಕರಣದ ಅತ್ಯಂತ ಕಷ್ಟದ ಭಾಗ. ಅಪರಿಚಿತ ಸಂಖ್ಯೆಯ ಪ್ರತಿ ಕರೆಯೂ ಏಜೆನ್ಸಿಯದೇ ಇರಬೇಕೆನಿಸುತ್ತಿತ್ತು. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಕೇಂದ್ರ ಕಚೇರಿಯ ಖಾತೆ ವಿಭಾಗದ ಒಬ್ಬರು ಇಮೇಲ್ ಬರೆದರು. ಹೊಸ ಬಾಡಿಗೆದಾರರ ಲೀಸ್ ಆಗಸ್ಟ್ 16ರಿಂದ ಶುರುವಾಗಿದೆ, ಕಾರ್ಪೆಟ್ 2018ರಲ್ಲಿ ಹಾಕಿಸಿದ್ದು ಎಂದು ಒಪ್ಪಿಕೊಂಡಿದ್ದರು. ಜುಲೈ ಬಾಡಿಗೆ 2,900, ಆಗಸ್ಟ್‌ನ ಮೊದಲ 15 ದಿನಗಳಿಗೆ 1,403 ಡಾಲರ್ 23 ಸೆಂಟ್, ಹತ್ತು ವರ್ಷದ ಬಾಳಿಕೆಯಲ್ಲಿ ಉಳಿದ ಮೂರು ವರ್ಷಗಳ ಪಾಲಾಗಿ ಕಾರ್ಪೆಟಿಗೆ 552, ಸ್ವಚ್ಛತೆ 180, ಬಿಲ್ಲು 146. ಜೊತೆಗೆ ಮರುಬಾಡಿಗೆಯ ಜಾಹೀರಾತಿಗೆ 150 ಎಂದು ಹೊಸದೊಂದು ಸಾಲು ಸೇರಿತ್ತು. ಲೀಸ್ ಮುರಿದದ್ದರಿಂದ ನಿಜವಾಗಿ ಆದ ಖರ್ಚು ಅದು. ಅದಕ್ಕಾಗಿ ಜಗಳವಾಡುವುದು ಸಣ್ಣತನವೆನಿಸಿ ಒಪ್ಪಿದೆ. ಡಿಪಾಸಿಟ್ ಕಳೆದರೆ 2,431 ಡಾಲರ್ 23 ಸೆಂಟ್ ಉಳಿಯಿತು.

ಕೂಡಲೇ ಹಣ ಕಳಿಸಿ ಎಂದು ಅವರು ಅವಸರಪಡಿಸಿದರು, ಬ್ಯಾಂಕ್ ಖಾತೆಯ ವಿವರ ಕೊಟ್ಟರೆ ತಾವೇ ಕಡಿತ ಮಾಡಿಕೊಳ್ಳುವುದಾಗಿಯೂ ಹೇಳಿದರು. ಎರಡಕ್ಕೂ ನಾನು ಒಪ್ಪಲಿಲ್ಲ. ಮೊದಲು ಒಪ್ಪಂದ ಪತ್ರ, ಆಮೇಲೆ ಹಣ ಎಂದೆ. ಒಟ್ಟು ಮೊತ್ತ, ಮೂರು ಕಂತುಗಳ ದಿನಾಂಕ, ಕಂತು ತಪ್ಪದಿರುವವರೆಗೆ ಖಾತೆಯನ್ನು ಯಾವ ಏಜೆನ್ಸಿಗೂ ವಹಿಸುವುದಿಲ್ಲ ಮತ್ತು ಯಾವ ಕ್ರೆಡಿಟ್ ಬ್ಯೂರೊಗೂ ವರದಿ ಮಾಡುವುದಿಲ್ಲ ಎಂಬ ಮಾತು, ಪೂರ್ತಿ ಪಾವತಿಯಾದ ಮೇಲೆ ಬಾಕಿ ಸೊನ್ನೆ ಎಂದು ಪತ್ರ ಕೊಡುವ ಮಾತು, ಇವಿಷ್ಟೂ ಅದರಲ್ಲಿ ಇರಬೇಕೆಂದು ಪಟ್ಟು ಹಿಡಿದೆ. ಫೋನಿನಲ್ಲಿ ಎಲ್ಲಕ್ಕೂ ಹೂಂ ಎಂದವರು ಬರೆದು ಕಳಿಸಿದ ಮೊದಲ ಕರಡಿನಲ್ಲಿ ಏಜೆನ್ಸಿಯ ಸಾಲೇ ಇರಲಿಲ್ಲ. ತಿದ್ದಿಸಿ, ಎರಡೂ ಕಡೆಯ ಸಹಿಯಾದ ಮೇಲೆಯೇ 831 ಡಾಲರ್ 23 ಸೆಂಟಿನ ಮೊದಲ ಕಂತನ್ನು, ಬ್ಯಾಂಕೇ ತನ್ನ ಹಣದ ಮೇಲೆ ಬರೆದುಕೊಡುವ ಕ್ಯಾಷಿಯರ್ಸ್ ಚೆಕ್ಕಿನಲ್ಲಿ ಕಳಿಸಿದೆ. ಉಳಿದವು 800ರ ಎರಡು ಕಂತುಗಳು. ಪ್ರತಿ ಚೆಕ್ಕಿಗೂ ಬ್ಯಾಂಕಿನವರು ಸಣ್ಣ ಶುಲ್ಕ ಹಿಡಿಯುತ್ತಾರೆ, ಆದರೆ ಅದರ ಪ್ರತಿ ಕೈಯಲ್ಲಿರುತ್ತದೆ, ನಮ್ಮ ಖಾತೆಯ ಬಾಗಿಲು ಇನ್ನೊಬ್ಬರಿಗೆ ತೆರೆದಿರುವುದಿಲ್ಲ. ಚೆಕ್ಕಿನ ಮೇಲೆ ಹಳೆಯ ಮನೆಯ ಸಂಖ್ಯೆಯನ್ನೂ ಖಾತೆ ಸಂಖ್ಯೆಯನ್ನೂ ಬರೆಸಬೇಕು. ಇಲ್ಲವಾದರೆ ಯಾರ ಹಣವೆಂದು ತಿಳಿಯದೆ ಅದು ಎಲ್ಲೋ ಉಳಿದುಬಿಡುವ ಸಾಧ್ಯತೆ ಇದೆ.

ಒಂದೇ ಲೀಸಿಗೆ ಇಬ್ಬರು ಮೂವರು ಸಹಿ ಮಾಡಿದ್ದರೆ ಸಾಮಾನ್ಯವಾಗಿ ಪ್ರತಿಯೊಬ್ಬರೂ ಪೂರ್ತಿ ಬಾಕಿಗೆ ಹೊಣೆಗಾರರು ಎಂಬ ಷರತ್ತು ಇರುತ್ತದೆ. ನನ್ನ ಪಾಲು ಕೊಟ್ಟೆ ಎಂದು ಕೈತೊಳೆದುಕೊಂಡರೆ ಉಳಿದವರ ಪಾಲಿನ ಬಾಕಿ ನಿಮ್ಮ ವರದಿಯಲ್ಲೂ ಕಾಣಿಸಿಕೊಳ್ಳಬಹುದು. ನಾನು ಒಬ್ಬನೇ ಇದ್ದುದರಿಂದ ಆ ತೊಡಕು ಬರಲಿಲ್ಲ.

ಇಷ್ಟಾದರೂ ಅಕ್ಟೋಬರ್‌ನಲ್ಲಿ, ಮೊದಲ ಕಂತು ಅವರ ಖಾತೆಗೆ ಜಮೆಯಾದ ಮೇಲೆ, ಏಜೆನ್ಸಿಯೊಂದರಿಂದ ಪತ್ರ ಬಂದೇಬಂತು. ಅದರಲ್ಲಿದ್ದ ಮೊತ್ತ ಹಳೆಯ 11,386. ಆಗಸ್ಟ್‌ನ ಗಡುವು ಮುಗಿದ ಖಾತೆಗಳನ್ನೆಲ್ಲ ಒಟ್ಟಾಗಿ ಕಳಿಸುವಾಗ ನನ್ನದೂ ಹೋಗಿತ್ತೆಂದು ಆಮೇಲೆ ತಿಳಿಯಿತು. ಸಿಟ್ಟು, ಹತಾಶೆ ಎರಡೂ ಒಟ್ಟಿಗೆ ಬಂದವು. ಆದರೆ ಇಲ್ಲಿ ಕಾನೂನು ನಮ್ಮ ಕಡೆ ಸ್ವಲ್ಪ ಗಟ್ಟಿಯಾಗಿದೆ. ಅಮೆರಿಕದ ಒಕ್ಕೂಟ ಸರ್ಕಾರದ 1977ರ ಸಾಲ ವಸೂಲಿ ಕಾಯ್ದೆ ಮೂಲ ಮಾಲೀಕರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲವಾದರೂ, ಅವರ ಪರವಾಗಿ ವಸೂಲಿಗೆ ಇಳಿಯುವ ಏಜೆನ್ಸಿಗೆ ಅನ್ವಯಿಸುತ್ತದೆ. ಬಾಕಿಯ ವಿವರದ ನೋಟಿಸ್ ಕೈಸೇರಿದ 30 ದಿನಗಳೊಳಗೆ ಬರವಣಿಗೆಯಲ್ಲಿ ತಕರಾರು ಸಲ್ಲಿಸಿದರೆ, ದಾಖಲೆ ಒದಗಿಸುವವರೆಗೆ ಅವರು ವಸೂಲಿ ನಿಲ್ಲಿಸಬೇಕು. 2021ರ ನವೆಂಬರ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಏಜೆನ್ಸಿ ಮೊದಲು ಸಾಲಗಾರನೊಂದಿಗೆ ಮಾತನಾಡದೆ, ಅಥವಾ ಪತ್ರ ಕಳಿಸಿ ಅದು ತಲುಪಿಲ್ಲವೆಂಬ ಸೂಚನೆಗಾಗಿ ಸಾಮಾನ್ಯವಾಗಿ 14 ದಿನ ಕಾಯದೆ, ಬ್ಯೂರೊಗಳಿಗೆ ವರದಿ ಮಾಡುವಂತಿಲ್ಲ. ಹಾಗಾಗಿ ಆ ಎರಡು ವಾರಗಳು ಅಮೂಲ್ಯ. ಪತ್ರ ಬಂದ ಮರುದಿನವೇ ತಕರಾರು ಪತ್ರದೊಂದಿಗೆ ಸಹಿಯಾದ ಒಪ್ಪಂದ ಮತ್ತು ಜಮೆಯಾದ ಚೆಕ್ಕಿನ ಪ್ರತಿಯನ್ನು ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆ, ಅದನ್ನೇ ಕೇಂದ್ರ ಕಚೇರಿಗೂ ಕಳಿಸಿ ಖಾತೆಯನ್ನು ಏಜೆನ್ಸಿಯಿಂದ ಹಿಂಪಡೆಯಲು ಬರೆದೆ. ಏಜೆನ್ಸಿಯವರು ಕರೆ ಮಾಡಿ, ಈಗಲೇ ಸ್ವಲ್ಪ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂದರು. ಅವರಿಗೆ ಒಂದು ಡಾಲರನ್ನೂ ಕೊಡಲಿಲ್ಲ. ಕೊಟ್ಟಿದ್ದರೆ ಒಂದೇ ಬಾಕಿಗೆ ಎರಡು ಕಡೆ ಲೆಕ್ಕ ಶುರುವಾಗುತ್ತಿತ್ತು. ಬರವಣಿಗೆಯಲ್ಲೇ ವ್ಯವಹರಿಸಿ ಎಂದು ಫೋನ್ ಇಟ್ಟೆ. ತಿಂಗಳು ಮುಗಿಯುವುದರೊಳಗೆ ಖಾತೆ ಮುಚ್ಚಿ ಮಾಲೀಕರಿಗೆ ಹಿಂದಿರುಗಿಸಲಾಗಿದೆ ಎಂಬ ಒಂದು ಸಾಲಿನ ಪತ್ರ ಬಂತು. ಕ್ಷಮೆಯ ಮಾತು ಯಾರಿಂದಲೂ ಬರಲಿಲ್ಲ.

ಎರಡನೆಯ ಮತ್ತು ಮೂರನೆಯ ಕಂತುಗಳು ಯಾವ ತೊಂದರೆಯೂ ಇಲ್ಲದೆ ಮುಗಿದವು. ಸೊನ್ನೆ ಬಾಕಿಯ ಪತ್ರಕ್ಕೆ ಮಾತ್ರ ಮತ್ತೆ ಮತ್ತೆ ನೆನಪಿಸಬೇಕಾಯಿತು. ಬಂದ ಮೊದಲ ಪತ್ರದಲ್ಲಿ ಪಾವತಿ ಸ್ವೀಕರಿಸಲಾಗಿದೆ ಎಂದಷ್ಟೇ ಇತ್ತು, ಅದು ಸಾಲದು. ಖಾತೆಯ ಬಾಕಿ ಸೊನ್ನೆ, ಈ ಲೀಸಿಗೆ ಸಂಬಂಧಿಸಿ ಇನ್ನಾವ ಮೊತ್ತವನ್ನೂ ಕೇಳುವುದಿಲ್ಲ, ಏಜೆನ್ಸಿಗೆ ವಹಿಸಿದ್ದನ್ನು ಹಿಂಪಡೆಯಲಾಗಿದೆ ಎಂಬ ಮೂರು ಮಾತುಗಳಿರುವ ಪತ್ರವನ್ನು ದಿನಾಂಕ ಮತ್ತು ಸಹಿಯೊಂದಿಗೆ ಪಡೆದೆ. ಜೊತೆಗೆ ಸೊನ್ನೆ ತೋರಿಸುವ ಲೆಡ್ಜರಿನ ಪ್ರತಿಯನ್ನೂ ಕೇಳಿ ತರಿಸಿಕೊಂಡೆ.

ಆ್ಯನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಮೂರೂ ಬ್ಯೂರೊಗಳ ವರದಿಯನ್ನು ವಾರಕ್ಕೊಮ್ಮೆ ಉಚಿತವಾಗಿ ನೋಡಬಹುದು. ಏಜೆನ್ಸಿಯ ಪತ್ರ ಬಂದಾಗಿನಿಂದ ಆಗಾಗ ನೋಡುತ್ತ ಬಂದಿದ್ದೇನೆ, ಮೂರರಲ್ಲೂ ಕಲೆಕ್ಷನ್ ನಮೂದು ಕಾಣಿಸಿಲ್ಲ. ಮುಂದೆ ಕಾಣಿಸಿದರೆ ಒಪ್ಪಂದವನ್ನೂ ಸೊನ್ನೆ ಪತ್ರವನ್ನೂ ಲಗತ್ತಿಸಿ ಆಯಾ ಬ್ಯೂರೊಗೆ ನೇರವಾಗಿ ತಕರಾರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಒಕ್ಕೂಟದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೊಗೂ ದೂರು ಕೊಡಬಹುದು. ಲಿಖಿತ ಒಪ್ಪಂದದ ಮೇಲೆ ದಾವೆ ಹೂಡಲು ಕ್ಯಾಲಿಫೋರ್ನಿಯಾದಲ್ಲಿ 4 ವರ್ಷಗಳ ಕಾಲಮಿತಿ ಇರುವುದರಿಂದ, ಅಂಚೆ ಸ್ವೀಕೃತಿಯ ಹಸಿರು ಕಾರ್ಡುಗಳು, ಚೆಕ್ಕಿನ ಪ್ರತಿಗಳು, ತಪಾಸಣೆಯ ಹಾಳೆ ಮತ್ತು ಸೊನ್ನೆ ಬಾಕಿಯ ಪತ್ರವಿರುವ ಕಡತವನ್ನು ಕನಿಷ್ಠ ಅಷ್ಟು ಕಾಲ ಎಸೆಯುವುದಿಲ್ಲ.